ಮೇವಿನ ಸುಳಿ ಒಣಗಿದರೆ: ಕಾಂಡ ಕೊರಕ ಹುಳುವಿನ ಪಾಠ



ಮಿರಗದ ಮಳೆಗೆ ಬಿತ್ತಿದ ಗೋವಿನಜೋಳಕ್ಕೆ ಮೂರು ವಾರ ತುಂಬಿದೆ ಎಂದುಕೊಳ್ಳಿ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ, ಖಾಲಿ ಕ್ಯಾನು ಬದುವಿನ ಮೇಲೆ ಇಟ್ಟು ಹೊಲದೊಳಗೆ ಇಳಿಯುತ್ತೀರಿ. ದೂರದಿಂದ ಬೆಳೆ ಹಸಿರಾಗಿಯೇ ಕಾಣುತ್ತದೆ. ಹತ್ತಿರ ಹೋದರೆ ಅಲ್ಲೊಂದು ಇಲ್ಲೊಂದು ಗಿಡದ ನಡುಸುಳಿ ಬಾಡಿ ಒಣಗಿದೆ, ಸುತ್ತಲಿನ ಎಲೆಗಳು ಮಾತ್ರ ಹಸಿರಾಗಿವೆ. ಸುಳಿ ಹಿಡಿದು ಎಳೆದರೆ ಕೈಗೇ ಬರುತ್ತದೆ. ನೀರು ನಿಂತು ಹೀಗಾಯಿತು ಎಂದು ಒಬ್ಬರು, ಯೂರಿಯಾ ಬಿದ್ದು ಸುಟ್ಟಿತು ಎಂದು ಇನ್ನೊಬ್ಬರು ಹೇಳುತ್ತಾರೆ. ವಾದ ಬೇಡ. ಆ ಗಿಡವನ್ನು ಬೇರು ಸಮೇತ ಕಿತ್ತು, ಕುಡುಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕೊರೆದ ದಾರಿ, ಅದರ ತುಂಬ ಹಿಟ್ಟಿನಂಥ ಹಿಕ್ಕೆ, ಕೊನೆಯಲ್ಲಿ ಕಂದು ತಲೆಯ ಒಂದು ಹುಳು ಸಿಕ್ಕರೆ ಅದೇ ಕಾಂಡ ಕೊರಕ.

ಮಮದಾಪುರದಲ್ಲಾಗಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬೇರೆ ಊರುಗಳಲ್ಲಾಗಲಿ, ದನ ಕಟ್ಟಿದವರ ಹೊಲದಲ್ಲಿ ಗೋವಿನಜೋಳ, ಜೋಳ, ಕಬ್ಬು ಈ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಮೂರೂ ಹುಲ್ಲಿನ ಜಾತಿಯ ಬೆಳೆಗಳು, ಮೂರಕ್ಕೂ ಕಾಂಡ ಕೊರೆಯುವ ಪತಂಗಗಳ ಕಾಟ ಇದೆ. ಇದು ಕೃಷಿ ಇಲಾಖೆಯವರು ಹೇಳುವ ಮಾತಲ್ಲವೇ, ಹಾಲಿನ ಪತ್ರಿಕೆಯಲ್ಲಿ ಇದೇಕೆ ಎಂದು ತಾವು ಕೇಳಬಹುದು. ಹುಳು ತಿಂದು ಹೋಗುವ ಮೇವಿನ ನಷ್ಟ ಒಂದು ಪಾಲಾದರೆ, ಹುಳು ಬಿದ್ದ ಮೇಲೆ ನಾವು ಅವಸರದಲ್ಲಿ ಮಾಡುವ ಕೆಲಸಗಳಿಂದ ದನಕ್ಕೂ ಹಾಲಿಗೂ ಬರುವ ಅಪಾಯ ಇನ್ನೊಂದು ಪಾಲು. ಎರಡನೆಯದು ದೊಡ್ಡದು. ಅದಕ್ಕಾಗಿಯೇ ಈ ಪಾಠ.

ಹುಳುವಿನ ಗುರುತು

ವಿಜ್ಞಾನದಲ್ಲಿ ಇದರ ಹೆಸರು ಕೈಲೋ ಪಾರ್ಟೆಲಸ್. 1885ರಲ್ಲಿ ಚಾರ್ಲ್ಸ್ ಸ್ವಿನ್ಹೋ ಎಂಬ ಇಂಗ್ಲಿಷ್ ಸೇನಾಧಿಕಾರಿ ಈ ಪತಂಗವನ್ನು ಮೊದಲು ವರ್ಣಿಸಿ ಹೆಸರಿಟ್ಟರು. ಅವರು ನಮ್ಮ ಪಕ್ಕದ ಮುಂಬಯಿ ಮತ್ತು ದಖ್ಖನ್ ಭಾಗದ ಪತಂಗಗಳನ್ನು ಕೂಡಿಸಿ ಅಭ್ಯಾಸ ಮಾಡಿದವರು. ಅಂದರೆ ಇದು ಹೊರಗಿನಿಂದ ಬಂದ ಹುಳು ಅಲ್ಲ, ನಮ್ಮ ಜೋಳದ ನೆಲದ್ದೇ ಹುಳು.

ಪತಂಗ ಒಣಹುಲ್ಲಿನ ಬಣ್ಣದ್ದು, ಹಿಂದಿನ ರೆಕ್ಕೆ ಬಿಳುಪು. ಹಗಲು ಎಲೆಯ ಮರೆಯಲ್ಲಿ ಅಡಗಿ ಕೂತಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. ಅದು ಬೆಳೆಯನ್ನು ತಿನ್ನುವುದೂ ಇಲ್ಲ. ಕೆಲವೇ ದಿನದ ಆಯುಷ್ಯದಲ್ಲಿ ರಾತ್ರಿ ಹೊತ್ತು ಹಾರಾಡಿ ಎಲೆಯ ಕೆಳಬದಿಗೆ, ನಡುನರದ ಹತ್ತಿರ, ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದ್ದುಕೊಂಡ ಗುಂಪಾಗಿರುತ್ತವೆ. ಒಂದು ಹೆಣ್ಣು ಪತಂಗ ಕೆಲವು ನೂರು ಮೊಟ್ಟೆ ಇಡಬಲ್ಲದು.

ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಕೂದಲೆಳೆಯಷ್ಟು ಸಣ್ಣ ಮರಿಗಳು ಹರಿದುಕೊಂಡು ಸುಳಿಯೊಳಗೆ ಇಳಿಯುತ್ತವೆ, ಕೆಲವು ನೂಲು ಬಿಟ್ಟು ಗಾಳಿಗೆ ತೇಲಿ ಪಕ್ಕದ ಗಿಡಕ್ಕೂ ಹೋಗುತ್ತವೆ. ಸುಳಿಯಲ್ಲಿ ಮಡಿಚಿಕೊಂಡ ಎಳೆ ಎಲೆಯನ್ನು ಅವು ಕೊರೆದಿರುತ್ತವೆ. ಆ ಎಲೆ ಬಿಚ್ಚಿಕೊಂಡಾಗ ಸೂಜಿಯಿಂದ ಚುಚ್ಚಿದಂತೆ ಸಾಲಾಗಿ ತೂತು ಕಾಣುತ್ತವೆ. ಈ ತೂತಿನ ಸಾಲು ಕಂಡ ದಿನವೇ ಎಚ್ಚರಾಗಬೇಕು, ಏಕೆಂದರೆ ಮುಂದಿನ ಹೆಜ್ಜೆಯಲ್ಲಿ ಹುಳು ಕಾಂಡ ಹೊಕ್ಕಿಬಿಡುತ್ತದೆ. ಒಳಗೆ ಹೊಕ್ಕ ಮೇಲೆ ಮಳೆ, ಹಕ್ಕಿ, ಔಷಧಿ ಯಾವುದೂ ಅದನ್ನು ಸುಲಭಕ್ಕೆ ಮುಟ್ಟುವುದಿಲ್ಲ. ಎರಡು ಮೂರು ವಾರ ತಿಂದು, ಸುಮಾರು ಒಂದು ಇಂಚು ಬೆಳೆದು, ಕಾಂಡದೊಳಗೇ ಕೋಶವಾಗಿ, ಮೊದಲೇ ಕೊರೆದಿಟ್ಟ ಕಿಂಡಿಯಿಂದ ಪತಂಗವಾಗಿ ಹೊರಬರುತ್ತದೆ. ಒಂದು ಸುತ್ತು ಸುಮಾರು ಐದಾರು ವಾರ. ಒಂದೇ ಹಂಗಾಮಿನಲ್ಲಿ ಎರಡು ಮೂರು ತಲೆಮಾರು ಆಗಬಹುದು.

ಬೆಳೆದ ಹುಳುವಿನ ಮೈ ಮಾಸಲು ಬಿಳುಪು, ಬೆನ್ನಿನ ಉದ್ದಕ್ಕೂ ಕಪ್ಪು ಚುಕ್ಕೆಗಳ ನಾಲ್ಕು ಸಾಲು. ಹುಳು ಗುಲಾಬಿ ಬಣ್ಣದ್ದಾಗಿ, ಚುಕ್ಕೆ ಇಲ್ಲದಿದ್ದರೆ ಅದು ಗುಲಾಬಿ ಕಾಂಡ ಕೊರಕ. ಅದು ಮೊಟ್ಟೆಯನ್ನು ಎಲೆಯ ಬುಡದ ಹಾಳೆಗೂ ಕಾಂಡಕ್ಕೂ ನಡುವೆ ಬಚ್ಚಿಡುತ್ತದೆ. ಹಿಂಗಾರಿನಲ್ಲಿ ಇದರದೇ ಹಾವಳಿ ಹೆಚ್ಚು. ಕಬ್ಬಿನ ಎಳೆಯ ಮರಿಗಳ ಸುಳಿ ಒಣಗಿಸುವುದು ಇದೇ ಕೈಲೋ ಕುಲದ ಇನ್ನೊಂದು ಹುಳು.

ಇಲ್ಲಿ ಎರಡು ಕಡೆ ತಪ್ಪು ಆಗುತ್ತದೆ. ಜೋಳ ಇನ್ನೂ ಎರಡು ಮೂರು ವಾರದ ಸಸಿಯಾಗಿದ್ದಾಗ ಸುಳಿ ಒಣಗಿ, ಎಳೆದಾಗ ಬುಡ ಕೊಳೆತು ನಾತ ಬಂದರೆ ಅದು ಹೆಚ್ಚಾಗಿ ಸುಳಿ ನೊಣದ ಕೆಲಸ. ಅದರ ಮರಿಗೆ ಕಾಲೂ ಇಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ತಡವಾಗಿ ಬಿತ್ತಿದ ಜೋಳಕ್ಕೆ ಅದು ಹೆಚ್ಚು. ಇನ್ನು ಗೋವಿನಜೋಳದ ಸುಳಿ ಹರಿದು ಚಿಂದಿಯಾಗಿ, ಒಳಗೆ ಒದ್ದೆ ಕಟ್ಟಿಗೆ ಪುಡಿಯಂಥ ಹಿಕ್ಕೆ ತುಂಬಿದ್ದರೆ ಅದು ಫಾಲ್ ಸೈನಿಕ ಹುಳು, ನಮ್ಮ ಕಡೆ ಲದ್ದಿ ಹುಳು ಎನ್ನುವುದೂ ಉಂಟು. ಅದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇರುತ್ತವೆ. ಇದು ಅಮೆರಿಕ ಖಂಡದ ಹುಳು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ರಾಜ್ಯದ ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶರಣಬಸಪ್ಪ, ಸಿ. ಎಂ. ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು ಅದನ್ನು ದಾಖಲಿಸಿದರು. ನೋಡನೋಡುತ್ತಿದ್ದಂತೆ ಅದು ದೇಶವೆಲ್ಲ ಹಬ್ಬಿತು. ಅದರ ಗದ್ದಲದಲ್ಲಿ ನಾವು ಹಳೆಯ ಕಾಂಡ ಕೊರಕವನ್ನು ಮರೆತಿದ್ದೇವೆ ಎಂಬುದು ನನ್ನ ಅನಿಸಿಕೆ. ಆದರೆ ಅದು ನಮ್ಮನ್ನು ಮರೆತಿಲ್ಲ.

ಗುಂಟೆಯ ಲೆಕ್ಕ

ಆಫ್ರಿಕನ್ ಟಾಲ್‌ನಂಥ ಮೇವಿನ ಗೋವಿನಜೋಳ ಚೆನ್ನಾಗಿ ಬಂದರೆ ಎಕರೆಗೆ ಸುಮಾರು 16 ಟನ್ ಹಸಿ ಮೇವು ಸಿಗುತ್ತದೆ. ಅಂದರೆ ಗುಂಟೆಗೆ 400 ಕಿಲೋ. ಹತ್ತು ಗುಂಟೆ ಮಡಿಯಲ್ಲಿ 4 ಟನ್. ಹಾಲು ಕೊಡುವ ಎರಡು ಆಕಳಿಗೆ ದಿನಕ್ಕೆ 50 ಕಿಲೋ ಹಾಕಿದರೆ 80 ದಿನದ ಮೇವು. ಹುಳುವಿನಿಂದ ಕಾಲು ಭಾಗ ಹೋದರೆ 20 ದಿನದ ಹಸಿಮೇವು ಹೋಯಿತು. ಆ ಇಪ್ಪತ್ತು ದಿನ ಹಾಲು ಇಳಿಯದಂತೆ ನೋಡಿಕೊಳ್ಳಲು ಎಷ್ಟು ಚೀಲ ಹಿಂಡಿ ಹೆಚ್ಚಿಗೆ ಬೇಕಾಗುತ್ತದೆ ಎಂಬುದನ್ನು ತಮ್ಮ ಊರಿನ ದರದಲ್ಲಿ ತಾವೇ ಲೆಕ್ಕ ಹಾಕಿಕೊಳ್ಳಿ.

ಒಂದು ಸಮಾಧಾನವೂ ಇದೆ. ಮೇವಿಗಾಗಿ ದಟ್ಟವಾಗಿ ಬಿತ್ತಿದ ಬೆಳೆಯಲ್ಲಿ ನೂರಕ್ಕೆ ಐದಾರು ಗಿಡ ಸತ್ತರೆ ಪಕ್ಕದ ಗಿಡಗಳು ಆ ಜಾಗ ತುಂಬಿಕೊಳ್ಳುತ್ತವೆ. ಹತ್ತು ಗಿಡಕ್ಕೆ ಒಂದರಂತೆ ಸುಳಿ ಒಣಗುವವರೆಗೆ ಗಾಬರಿ ಬೇಡ. ಆದರೆ ಒಣಗಿದ ಗಿಡವನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳಬೇಡಿ. ಹುಳು ಒಳಗಿರುವಾಗಲೇ ಬುಡ ಸಮೇತ ಕಿತ್ತು ತನ್ನಿ. ಗೋವಿನಜೋಳವಾದರೆ, ಅದಕ್ಕೆ ಯಾವ ಔಷಧಿಯೂ ಬಿದ್ದಿಲ್ಲವಾದರೆ, ಸಣ್ಣಗೆ ಕತ್ತರಿಸಿ ದನಕ್ಕೆ ಹಾಕಿದರಾಯಿತು. ಮೇವೂ ಆಯಿತು, ಒಂದು ಪತಂಗವೂ ಕಡಿಮೆಯಾಯಿತು. ಹುಳು ಹೊಟ್ಟೆಗೆ ಹೋದರೆ ಆಕಳಿಗೆ ಏನೂ ಆಗುವುದಿಲ್ಲ.

ಜೋಳದ ಮಾತು ಬೇರೆ

ಮೇಲೆ ಹೇಳಿದ ಮಾತನ್ನು ಜೋಳಕ್ಕೆ ಹಚ್ಚಬೇಡಿ. ಇದನ್ನು ಎರಡು ಸಲ ಓದಿ, ಮನೆಯಲ್ಲಿ ದನಕ್ಕೆ ಮೇವು ಹಾಕುವವರಿಗೆ, ಅವರು ತಾಯಿಯಾಗಲಿ ಮಗನಾಗಲಿ, ಓದಿ ಹೇಳಿ.

ಹಸಿ ಜೋಳದ ಎಲೆಯಲ್ಲಿ ಧುರ್ರಿನ್ ಎಂಬ ವಸ್ತು ಇರುತ್ತದೆ. ಗಿಡದೊಳಗೆ ಅದು ಸುಮ್ಮನೆ ಇರುತ್ತದೆ. ದನ ಅಗಿದಾಗ, ಎಲೆ ಜಜ್ಜಿದಾಗ, ಬಾಡಿದಾಗ ಅದು ಒಡೆದು ಹೈಡ್ರೋಜನ್ ಸೈನೈಡ್ ಎಂಬ ಕಡು ವಿಷ ಬಿಡುತ್ತದೆ. ಗಿಡ ಎಳೆಯದಿದ್ದಷ್ಟೂ, ನೀರಿಲ್ಲದೆ ಸಂಕಟಪಟ್ಟಷ್ಟೂ, ಯೂರಿಯಾ ಹೆಚ್ಚು ಬಿದ್ದಷ್ಟೂ ಈ ವಿಷದ ಅಂಶ ಹೆಚ್ಚು. ಕಾಂಡ ಕೊರಕಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ. ಹುಳು ಅಥವಾ ಸುಳಿ ನೊಣ ನಡುಸುಳಿಯನ್ನು ಕೊಂದಾಗ ಜೋಳ ಸುಮ್ಮನೆ ಕೂರುವುದಿಲ್ಲ, ಬುಡದಿಂದ ಹೊಸ ಮರಿ ಒಡೆಯುತ್ತದೆ. ನೋಡಲು ಗರಿಗರಿಯಾದ ಕಡುಹಸಿರು ಚಿಗುರು. ದನಕ್ಕೂ ಅದು ಬಲು ಇಷ್ಟ. ವಿಷ ತುಂಬಿದ ಭಾಗ ಅದೇ.

ಹಾಗಾಗಿ ಹುಳು ಬಿದ್ದ ಜೋಳದ ಹೊಲ ಹೇಗೂ ಹಾಳಾಯಿತು, ದನವಾದರೂ ಮೇಯಲಿ ಎಂದು ಬಿಡುವುದು ಬಹಳ ದೊಡ್ಡ ತಪ್ಪು. ಮಳೆ ಕೈಕೊಟ್ಟ ವರ್ಷ, ಬಾಡಿದ ಎಳೆ ಜೋಳಕ್ಕೆ ಹಸಿದ ದನ ನುಗ್ಗಿದಾಗ ಆಗುವ ಸಾವುಗಳೆಲ್ಲ ಈ ಜಾತಿಯವೇ. ದನದ ದೇಹತೂಕದ ಒಂದು ಕಿಲೋಗೆ ಸುಮಾರು 2 ಮಿಲಿಗ್ರಾಂ ಸೈನೈಡ್ ಸಾಕು, ಸಾವು ಬರುತ್ತದೆ. 400 ಕಿಲೋ ತೂಗುವ ಆಕಳಿಗೆ ಒಂದು ಗ್ರಾಂ ಕೂಡ ಬೇಕಾಗಿಲ್ಲ.

ಲಕ್ಷಣಗಳು ಬಹಳ ಬೇಗ ಕಾಣಿಸುತ್ತವೆ, ಮೇಯ್ದ ಹತ್ತು ನಿಮಿಷದಿಂದ ಒಂದು ತಾಸಿನೊಳಗೆ. ದನ ಬಾಯಿ ತೆರೆದು ಏದುಸಿರು ಬಿಡುತ್ತದೆ, ನೊರೆ ಸುರಿಸುತ್ತದೆ, ತಡವರಿಸಿ ಬೀಳುತ್ತದೆ, ಕಾಲು ಬಡಿಯುತ್ತದೆ. ಕಣ್ಣಿನ ಒಳರೆಪ್ಪೆ, ವಸಡು ಕೆಂಪು ಕೆಂಪಾಗಿ ಹೊಳೆಯುತ್ತವೆ, ಏಕೆಂದರೆ ರಕ್ತದಲ್ಲಿ ಪ್ರಾಣವಾಯು ಇದ್ದರೂ ಮೈಯ ಕಣಗಳಿಗೆ ಅದನ್ನು ಬಳಸಿಕೊಳ್ಳಲು ಬರುವುದಿಲ್ಲ. ಕೂಡಲೇ ಪಶುವೈದ್ಯರನ್ನು ಕರೆಯಿರಿ, ಸಹಾಯವಾಣಿ 1962ಕ್ಕೆ ಫೋನು ಮಾಡಿ, ‘ಜೋಳ ತಿಂದಿದೆ’ ಎಂಬ ಮಾತನ್ನು ಮೊದಲೇ ಹೇಳಿ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದುಗಳನ್ನು ವೈದ್ಯರು ನರಕ್ಕೆ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ಸಿಕ್ಕರೆ ಬಿದ್ದ ದನ ಎದ್ದು ನಿಲ್ಲುತ್ತದೆ. ಅವರು ಬರುವವರೆಗೆ ಗೊಟ್ಟದಿಂದ ಏನನ್ನೂ ಕುಡಿಸಬೇಡಿ. ಏದುಸಿರು ಬಿಡುವ ದನಕ್ಕೆ ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಳಿದ ದನಗಳನ್ನು ಆ ಹೊಲದಿಂದ, ಆ ಗೋದಲಿಯಿಂದ ಮೊದಲು ಬಿಡಿಸಿ.

ತಪ್ಪಿಸುವುದು ಕಷ್ಟವಲ್ಲ. ಮೇವಿನ ಜೋಳವನ್ನು ಅರ್ಧದಷ್ಟು ಗಿಡ ಹೂ ಬಿಟ್ಟ ಮೇಲೆಯೇ ಕೊಯ್ಯಿರಿ. ಮೊಣಕಾಲೆತ್ತರದ ಜೋಳ ಮೇವಲ್ಲ. ಬರಗಾಲದಲ್ಲಿ ಬಾಡಿದ ಜೋಳಕ್ಕೆ ಒಂದೆರಡು ನೀರು ಕೊಟ್ಟು, ಚೇತರಿಸಿಕೊಂಡ ಮೇಲೆ ಕೊಯ್ಯಿರಿ. ಹುಳು ಬಿದ್ದು ಮರಿ ಒಡೆದ ಹೊಲವಾದರೆ ಆ ಮರಿಗಳೂ ಬಲಿತು ಹೂವಿಗೆ ಬರಲಿ. ಅಷ್ಟು ದಿನ ಕಾಯಲು ಆಗದಿದ್ದರೆ ಕೊಯ್ದು ಚೆನ್ನಾಗಿ ಒಣಗಿಸಿ. ಪೂರ್ತಿ ಒಣಗಿದ ಕಣಿಕೆಯಲ್ಲಿ ಭಯ ಇಲ್ಲ, ಅರೆ ಬಾಡಿದ್ದರಲ್ಲೇ ಹೆಚ್ಚು. ರಸಮೇವು ಮಾಡಿ ಒಂದು ತಿಂಗಳ ಮೇಲೆ ತೆಗೆದರೂ ವಿಷ ಬಹಳ ಇಳಿದಿರುತ್ತದೆ. ಮೊದಲ ದಿನ ಹಸಿ ಜೋಳ ಹಾಕುವಾಗ ದನದ ಹೊಟ್ಟೆಯಲ್ಲಿ ಒಣಮೇವು ಇರಲಿ. ಗೋವಿನಜೋಳದಲ್ಲಿ ಈ ಸೈನೈಡಿನ ಭಯ ಇಲ್ಲ, ಅದಕ್ಕೇ ಮೊದಲು ಆ ಮಾತು ಹೇಳಿದ್ದು.

ಔಷಧಿಯ ವಿಷಯ

ಸುಳಿ ಒಣಗಿದ್ದು ಕಂಡ ಕೂಡಲೇ ಅಂಗಡಿಗೆ ಹೋಗಿ ಹರಳು ಔಷಧಿ ತಂದು ಸುಳಿಗೆ ನಾಲ್ಕು ಕಾಳು ಹಾಕುವುದು ಹಳೆಯ ರೂಢಿ. ಕಾಳಿನ ಬೆಳೆಗೆ ಹುಟ್ಟಿದ ಈ ರೂಢಿ ಮೇವಿನ ಬೆಳೆಗೂ ಬಂದುಬಿಟ್ಟಿದೆ. ಈ ಹರಳುಗಳಲ್ಲಿ ಹೆಚ್ಚಿನವು ಬೇರು, ಎಲೆಯ ಮೂಲಕ ಗಿಡದ ರಸಕ್ಕೆ ಇಳಿದು ಮೈಯೆಲ್ಲ ಹರಡುವಂಥವು. ಕಾಳಿನ ಬೆಳೆಯಲ್ಲಿ ಕೊಯ್ಲಿಗೆ ಮೂರು ತಿಂಗಳು ಇರುತ್ತದೆ, ಮೇವನ್ನು ನಾವು ಐವತ್ತು ಅರವತ್ತು ದಿನಕ್ಕೇ ಕೊಯ್ಯುತ್ತೇವೆ. ಬೆಳೆಯನ್ನು ಸಾಲಾಗಿ ಬಿಡಿಸಿ ದಿನಾ ಕೊಯ್ಯುವವರು ಇಂದು ಔಷಧಿ ಹಾಕಿದ ಸಾಲಿನ ಪಕ್ಕದ ಸಾಲನ್ನು ನಾಳೆ ಬೆಳಿಗ್ಗೆಯೇ ಕೊಯ್ಯುವುದೂ ಉಂಟು. ಅದು ಆಕಳ ಹೊಟ್ಟೆಗೂ, ಅಲ್ಲಿಂದ ತಮ್ಮ ಮಕ್ಕಳ ಲೋಟಕ್ಕೂ ಬರುತ್ತದೆ. ಹಳೆಯ ಹರಳು ಔಷಧಿ ಫೋರೇಟ್‌ಅನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಪೂರ್ತಿ ನಿಷೇಧಿಸಲಾಗಿದೆ. ಮನೆಯ ಅಟ್ಟದಲ್ಲಿ, ದನದ ಮನೆಯ ಮಾಡದಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ಅದನ್ನು ಬಳಸಬೇಡಿ, ಬಾವಿಗೆ ಹಳ್ಳಕ್ಕೆ ಎಸೆಯಲೂಬೇಡಿ. ಏನು ಮಾಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ನನ್ನ ಮಾತು ಇಷ್ಟೇ: ಮೇವಿಗೆಂದೇ ಬಿತ್ತಿದ ಮಡಿಗೆ ಕೀಟನಾಶಕ ಬೇಡ. ಕಾಳಿಗಾಗಿ ಬೆಳೆದ ಗೋವಿನಜೋಳಕ್ಕೆ ಹೊಡೆಯಲೇಬೇಕಾಗಿ ಬಂದರೆ, ಡಬ್ಬಿಯ ಮೇಲೆ ಆ ಬೆಳೆಯ ಹೆಸರೂ ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂಬುದೂ ಬರೆದಿರುತ್ತದೆ. ಅದನ್ನು ಓದಿಸಿ, ಹೊಡೆದ ತಾರೀಖನ್ನು ದನದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯಿರಿ. ಆ ಹೊಲದ ಕಳೆ, ಬದುವಿನ ಹುಲ್ಲು, ಕಿತ್ತು ತೆಗೆದ ಗಿಡ ಎಲ್ಲಕ್ಕೂ ಅದೇ ತಾರೀಖು ಅನ್ವಯ. ಹೊಲದ ಕೆಲಸ ಒಬ್ಬರದು, ಮೇವು ತರುವ ಕೆಲಸ ಇನ್ನೊಬ್ಬರದು ಆಗಿರುವ ಮನೆಗಳಲ್ಲಿ ಗೋಡೆಯ ಮೇಲಿನ ಆ ಬರಹವೇ ದನವನ್ನು ಉಳಿಸುತ್ತದೆ.

ಸೈನಿಕ ಹುಳುವಿಗೆ ಮಾಡುವ ವಿಷ ಪಾಷಾಣದ ಬಗ್ಗೆ ಒಂದು ಮಾತು. ತೌಡು, ಬೆಲ್ಲ ಕಲಸಿ ಒಂದು ದಿನ ಹುಳಿ ಬರಿಸಿ, ಅದಕ್ಕೆ ಕೀಟನಾಶಕ ಸೇರಿಸಿ ಸುಳಿಗೆ ಹಾಕುವ ಕ್ರಮವನ್ನು ಕೃಷಿ ಇಲಾಖೆಯೇ ಹೇಳಿಕೊಟ್ಟಿದೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಒಂದು ಸಲ ದನದ ಮೂಗಿನಿಂದ ಯೋಚಿಸಿ ನೋಡಿ. ತೌಡು, ಬೆಲ್ಲ, ಹುಳಿ ವಾಸನೆ! ಎಮ್ಮೆ ಹಗ್ಗ ಹರಿದುಕೊಂಡು ಬರುತ್ತದೆ. ದನಕ್ಕೆ ಹಿಂಡಿ ಕಲಸುವ ಬುಟ್ಟಿ, ಬಕೆಟ್ಟಿನಲ್ಲಿ ಇದನ್ನು ಕಲಸಲೇಬೇಡಿ. ಹುಳಿ ಬರಲು ಇಡುವ ಪಾತ್ರೆ ದನದ ಮನೆಯಿಂದ ದೂರ, ಬಾಗಿಲು ಹಾಕುವ ಕೋಣೆಯಲ್ಲಿ ಇರಲಿ. ಉಳಿದದ್ದನ್ನು ಬದುವಿನ ಮೇಲೆ ಚೆಲ್ಲದೆ ಆಳವಾಗಿ ಹೂಳಿ. ಹಾಕಿದ ಹೊಲಕ್ಕೆ ಕರು, ಆಡು, ಕೋಳಿ ಹೋಗದಂತೆ ನೋಡಿಕೊಳ್ಳಿ. ವಿಷ ತಿಂದ ದನ ಜೊಲ್ಲು ಸುರಿಸುತ್ತದೆ, ಕಣ್ಣೀರು ಹಾಕುತ್ತದೆ, ನೀರಾಗಿ ಹಿಕ್ಕೆ ಹಾಕುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಇದಕ್ಕೆ ಕೊಡುವ ಮದ್ದು ಬೇರೆ, ಸೈನೈಡಿಗೆ ಕೊಡುವ ಮದ್ದು ಬೇರೆ. ಅದಕ್ಕೇ ದನ ಏನು ತಿಂದಿತು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಡಬ್ಬಿ ಇದ್ದರೆ ತಂದು ತೋರಿಸಿ.

ನಮ್ಮ ಕೈಯಲ್ಲೇ ಇರುವ ಉಪಾಯ

ಕಾಂಡ ಕೊರಕದ ಬೇಸಿಗೆಯ ಮನೆ ಎಲ್ಲಿ ಗೊತ್ತೇ? ತಮ್ಮ ಬಣವಿ. ಬೆಳೆ ಮುಗಿದು ಕಾಂಡ ಒಣಗತೊಡಗಿದಾಗ ಬಲಿತ ಹುಳು ಕಣಿಕೆಯೊಳಗೆ, ಹೊಲದಲ್ಲಿ ಉಳಿದ ಕೊಳೆಯೊಳಗೆ ನಿದ್ದೆಗೆ ಜಾರುತ್ತದೆ. ತಿಂಗಳುಗಟ್ಟಲೆ ತಿನ್ನದೆ ಬಿದ್ದಿರುತ್ತದೆ. ಮಳೆಯ ತೇವ ತಾಗಿದ ಮೇಲೆ ಕೋಶವಾಗಿ, ಪತಂಗವಾಗಿ ಹೊಸ ಬೆಳೆಗೆ ಹಾರುತ್ತದೆ. ಅಂದರೆ ಮೇ ತಿಂಗಳ ಕೊನೆಗೆ ಬಣವಿಯಲ್ಲಿ ಇಡಿಯಾಗಿ ಉಳಿದ ಪ್ರತಿ ಸಿವುಡೂ ಜುಲೈ ತಿಂಗಳ ಹುಳುವಿನ ಬೀಜ.

ಇಲ್ಲಿ ಹೈನಿನವರ ಕೈ ಬೇರೆ ರೈತರಿಗಿಂತ ಮೇಲು. ಮೇವು ಕತ್ತರಿಸುವ ಯಂತ್ರದಲ್ಲಿ ಬೆರಳು ಗಾತ್ರಕ್ಕೆ ಕತ್ತರಿಸಿದ ಕಣಿಕೆಯಲ್ಲಿ ಹುಳು ಉಳಿಯುವುದು ಕಷ್ಟ. ಯಂತ್ರವನ್ನು ಮೇವು ಉಳಿಸಲು ಕೊಂಡಿರಿ, ಅದು ಹುಳುವನ್ನೂ ಕೊಲ್ಲುತ್ತದೆ. ಗೋವಿನಜೋಳವನ್ನು ತೆನೆ ಹಾಲುಗಟ್ಟಿ ಗಟ್ಟಿಯಾಗುವ ಹೊತ್ತಿಗೆ ಕೊಯ್ದು ರಸಮೇವು ಮಾಡುವವರು ಇನ್ನೂ ಜಾಣರು, ಗಾಳಿ ಇಲ್ಲದ ಗುಂಡಿಯಲ್ಲಿ ಹುಳು ಬದುಕುವುದಿಲ್ಲ. ಆದ್ದರಿಂದ ಹಳೆಯ ಬಣವಿಯನ್ನು ಮೊದಲು ತೆಗೆಯಿರಿ, ಮಿರಗಕ್ಕೆ ಮುಂಚೆ ಉಳಿದದ್ದನ್ನು ಕತ್ತರಿಸಿ ಚೀಲಕ್ಕೆ ತುಂಬಿ. ಹೊಲದ ಕೊಳೆಯನ್ನು ಆಳವಾಗಿ ರಂಟೆ ಹೊಡೆದು ಮೇಲಕ್ಕೆ ತನ್ನಿ, ಬಿಸಿಲು ಮತ್ತು ಕೊಕ್ಕರೆ ಉಳಿದ ಕೆಲಸ ಮಾಡುತ್ತವೆ. ಒಬ್ಬರು ಮಾಡಿ ಪಕ್ಕದವರು ಬಿಟ್ಟರೆ ಫಲ ಅರ್ಧ, ಪತಂಗಕ್ಕೆ ಬದು ಅಡ್ಡ ಬರುವುದಿಲ್ಲ. ಸಂಘದ ಸಭೆಯಲ್ಲಿ ಈ ಮಾತು ಎತ್ತಿದರೆ ಊರಿಗೇ ಒಂದು ದಿನ ಗೊತ್ತು ಮಾಡಬಹುದು.

ಮೇವಿನಿಂದಲೇ ಹುಳು ಹಿಡಿದವರ ಕಥೆಯೊಂದು ಆಫ್ರಿಕದಲ್ಲಿದೆ. ನಮ್ಮ ಈ ಕೈಲೋ ಹುಳು ಕಳೆದ ಶತಮಾನದ ಮೊದಲ ಭಾಗದಲ್ಲಿ ಹೇಗೋ ಪೂರ್ವ ಆಫ್ರಿಕಕ್ಕೆ ದಾಟಿ, ಅಲ್ಲಿನ ಗೋವಿನಜೋಳಕ್ಕೆ ಬಿತ್ತು. ಕೀನ್ಯಾದ ನೈರೋಬಿಯಲ್ಲಿರುವ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಸ್ಥೆಯ ಜೊತೆ ಸೇರಿ 1990ರ ದಶಕದಲ್ಲಿ ಒಂದು ಪದ್ಧತಿ ರೂಪಿಸಿದರು. ಹೊಲದ ಸುತ್ತ ನೇಪಿಯರ್ ಹುಲ್ಲು, ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು. ಡೆಸ್ಮೋಡಿಯಂನ ವಾಸನೆ ಪತಂಗಕ್ಕೆ ಆಗುವುದಿಲ್ಲ, ಅದು ಹೊಲ ಬಿಟ್ಟು ಹೊರಗೆ ಹೋಗುತ್ತದೆ. ಹೊರಗೆ ನೇಪಿಯರ್‌ನ ವಾಸನೆ ಕರೆಯುತ್ತದೆ, ಅಲ್ಲಿ ಮೊಟ್ಟೆ ಇಡುತ್ತದೆ. ಆದರೆ ನೇಪಿಯರ್ ಕಾಂಡವನ್ನು ಮರಿ ಕೊರೆದಾಗ ಅಂಟು ರಸ ಒಸರಿ ಬಹುಪಾಲು ಮರಿಗಳು ಅದರಲ್ಲೇ ಸಾಯುತ್ತವೆ. ನೂಕುವುದೊಂದು, ಎಳೆಯುವುದೊಂದು. ಎರಡೂ ದನದ ಮೇವೇ ಆದ್ದರಿಂದ ಅಲ್ಲಿನ ಸಣ್ಣ ರೈತರು ಇದನ್ನು ಒಪ್ಪಿಕೊಂಡರು.

ನೇಪಿಯರ್ ನಮಗೆ ಹೊಸದೇನಲ್ಲ, ಕೋ-3, ಕೋ-4 ಜಾತಿಯ ಕಡ್ಡಿ ಎಲ್ಲ ಕಡೆ ಸಿಗುತ್ತವೆ. ಈಗ ಅದನ್ನು ಬಾವಿಯ ಹತ್ತಿರ ಒಂದು ಮೂಲೆಯಲ್ಲಿ ಬೆಳೆಯುತ್ತಿದ್ದೇವೆ. ಅದೇ ಕಡ್ಡಿಯನ್ನು ಗೋವಿನಜೋಳದ ಹೊಲದ ಬದುವಿಗೆ ಎರಡು ಮೂರು ಸಾಲು ಹಚ್ಚಿದರೆ ಖರ್ಚು ಹೆಚ್ಚಾಗುವುದಿಲ್ಲ. ಒಂದೇ ಸಲ ನಾಲ್ಕೂ ಬದಿಯನ್ನು ಬೋಳು ಮಾಡದೆ ಒಂದೊಂದು ಬದಿ ಕೊಯ್ಯುತ್ತ ಬನ್ನಿ. ಸಾಲಿನ ನಡುವಿಗೆ ಡೆಸ್ಮೋಡಿಯಂ ಬೀಜ ಹುಡುಕುತ್ತ ಕೂರುವುದು ಬೇಡ. ಗೋವಿನಜೋಳ ಎರಡು ಸಾಲಿಗೆ ಅಲಸಂದಿ ಒಂದು ಸಾಲು, ಜೋಳ ನಾಲ್ಕು ಸಾಲಿಗೆ ಅವರೆ ಒಂದು ಸಾಲು ಹಾಕಿದರೂ ಕಾಂಡ ಕೊರಕದ ಬಾಧೆ ಕಡಿಮೆಯಾಗುತ್ತದೆ. ಗೋವಿನಜೋಳದ ಮೇವಿನಲ್ಲಿ ಪ್ರೋಟೀನು ನೂರಕ್ಕೆ ಎಂಟು ಒಂಬತ್ತು, ಅಲಸಂದಿಯಲ್ಲಿ ಅದರ ಎರಡು ಪಟ್ಟು. ಹುಳುವಿನ ಮಾತು ಬಿಟ್ಟರೂ ಹಾಲಿನ ಸಲುವಾಗಿಯೇ ಇದನ್ನು ಮಾಡಬೇಕು.

ಇನ್ನೊಂದು ಜೀವದ ಸಹಾಯ ಇದೆ. ಟ್ರೈಕೋಗ್ರಾಮ ಎಂಬ ಕಣಜ, ಒಂದು ಮಿಲಿಮೀಟರಿಗಿಂತ ಚಿಕ್ಕದು, ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಪತಂಗದ ಮರಿ ಹುಟ್ಟುವುದೇ ಇಲ್ಲ, ಬದಲಿಗೆ ಕಣಜ ಹುಟ್ಟುತ್ತದೆ. ಕಾರ್ಡಿಗೆ ಅಂಟಿಸಿದ ರೂಪದಲ್ಲಿ ಇವು ಸಿಗುತ್ತವೆ, ಒಂದು ಕಾರ್ಡಿನಲ್ಲಿ ಸುಮಾರು 20,000. ಮೊಳಕೆ ಒಡೆದ ಹತ್ತು ಹನ್ನೆರಡು ದಿನಕ್ಕೆ ಎಕರೆಗೆ ಮೂರು ಕಾರ್ಡು, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕಾರ್ಡನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸಂಜೆ ಹೊತ್ತು ಎಲೆಯ ಕೆಳಬದಿಗೆ ಸಿಕ್ಕಿಸಬೇಕು. ಬಿಸಿಲಿಗೆ ಇಟ್ಟರೆ, ಔಷಧಿ ಹೊಡೆದರೆ ಕಣಜವೇ ಮೊದಲು ಸಾಯುತ್ತದೆ. ಜೀವಂತ ಸರಕಾದ್ದರಿಂದ ಬೇಕಾದ ದಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬಿತ್ತುವಾಗಲೇ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ಎಲ್ಲಿ, ಯಾವಾಗ ಸಿಗುತ್ತದೆ ಎಂದು ವಿಚಾರಿಸಿ. ಕಬ್ಬಿನ ಸುಳಿ ಕೊರಕಕ್ಕೂ ಇದೇ ಕಣಜ ನಡೆಯುತ್ತದೆ. ಕಬ್ಬಿನಲ್ಲಿ ರವದಿಯನ್ನು ಸುಡದೆ ಸಾಲಿಗೆ ಹೊದಿಸಿದರೆ ಆ ಹುಳು ಕಡಿಮೆ.

ಕಾಂಡ ಸೀಳಿದಾಗ ಹುಳುವಿನ ಬದಲು ಬಿಳಿ ಹತ್ತಿಯ ಉಂಡೆಯಂಥ, ಅಕ್ಕಿ ಕಾಳು ಗುಂಪುಗೂಡಿದಂಥ ಗೂಡು ಕಂಡರೆ ಅದನ್ನು ಹೊಸಕಬೇಡಿ. ಅದು ಕೊಟೇಸಿಯ ಎಂಬ ಇನ್ನೊಂದು ಕಣಜ, ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಂದು ಹೊರಬಂದದ್ದು. ಆಫ್ರಿಕದವರು 1993ರಲ್ಲಿ ಈ ಕಣಜವನ್ನು ಪಾಕಿಸ್ತಾನದಿಂದ ಒಯ್ದು ಕೀನ್ಯಾದ ಕರಾವಳಿಯಲ್ಲಿ ಬಿಟ್ಟರು. ನಮಗೆ ಅದು ಪುಕ್ಕಟೆ ಸಿಕ್ಕಿದೆ.

ತೆನೆಗೆ ಹುಳು, ಹಾಲಿಗೆ ಬೂಷ್ಟು

ಕಡೆಗೆ ತೆನೆಯ ಮಾತು. ಹುಳು ತೆನೆಗೂ ಹೊಕ್ಕಾಗ ಆ ಕಿಂಡಿಯಿಂದ ತೇವ ಇಳಿದು ಬೂಷ್ಟು ಬೆಳೆಯುತ್ತದೆ. ಹಸಿರು ಹಳದಿ ಬೂಷ್ಟು ಇದ್ದರೆ ಅದರಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಇರುವ ಸಾಧ್ಯತೆ ಹೆಚ್ಚು. ಮಾರಾಟಕ್ಕೆ ಆಗದ ತೆನೆಯನ್ನು ಒಡೆದು ದನಕ್ಕೆ ಹಾಕುವುದು ನಮ್ಮ ರೂಢಿ. ದನ ತಿಂದ ಬಿ1ನಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಬರುತ್ತದೆ. ಹಾಲಿನಲ್ಲಿ ಇದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಪಶು ಆಹಾರದಲ್ಲಿ ಬಿ1 ಕಿಲೋಗೆ 20 ಮೈಕ್ರೋಗ್ರಾಂ ಒಳಗಿರಬೇಕು.

ಲೆಕ್ಕ ನೋಡಿ. ದಿನಕ್ಕೆ 5 ಕಿಲೋ ದಾಣಿ ತಿಂದು 10 ಲೀಟರ್ ಹಾಲು ಕೊಡುವ ಆಕಳು. ದಾಣಿಯಲ್ಲಿ ಕಿಲೋಗೆ 20 ಇದ್ದರೆ ಹೊಟ್ಟೆಗೆ 100 ಮೈಕ್ರೋಗ್ರಾಂ. ನೂರಕ್ಕೆ ಎರಡರಂತೆ ಹಾಲಿಗೆ ಬರುವುದು 2, ಲೀಟರಿಗೆ 0.2. ಮಿತಿಯೊಳಗೇ ಇದೆ. ಬೂಷ್ಟು ಹಿಡಿದ ತೆನೆ ಸೇರಿ ಕಿಲೋಗೆ 100 ಆದರೆ ಲೀಟರಿಗೆ 1, ಮಿತಿಯ ಎರಡು ಪಟ್ಟು. ಕಾಯಿಸಿದರೆ ಇದು ಹೋಗುವುದಿಲ್ಲ, ವಾಸನೆಯಿಂದ ರುಚಿಯಿಂದ ತಿಳಿಯುವುದೂ ಇಲ್ಲ. 2018ರಲ್ಲಿ ಆ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 5.7ರಷ್ಟರಲ್ಲಿ ಎಂ1 ಮಿತಿ ಮೀರಿತ್ತು. ಹಾಲಿಗೆ ನೀರು ಬೆರೆಸುವುದನ್ನೇ ದೊಡ್ಡ ಕಲಬೆರಕೆ ಎಂದುಕೊಂಡಿದ್ದವರಿಗೆ ಆ ವರದಿ ಬೇರೆ ಪಾಠ ಹೇಳಿತು. ಇದನ್ನು ಯಾರೂ ಬೇಕೆಂದು ಬೆರೆಸುವುದಿಲ್ಲ, ಗೋದಲಿಯಿಂದ ತಾನೇ ಬರುತ್ತದೆ.

ಒಳ್ಳೆಯ ಸುದ್ದಿ ಎಂದರೆ ಬೂಷ್ಟು ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುವ ಎಂ1, ಆ ಆಹಾರ ನಿಲ್ಲಿಸಿದ ಮೂರು ನಾಲ್ಕು ದಿನಕ್ಕೆ ಹೋಗುತ್ತದೆ. ಆದ್ದರಿಂದ ತೆನೆ ಸುಲಿಯುವಾಗಲೇ ಹುಳು ಹೊಕ್ಕ ತೆನೆಗಳನ್ನು ಬೇರೆ ಬುಟ್ಟಿಗೆ ಹಾಕಿ. ಬೂಷ್ಟು ಇಲ್ಲದ್ದು, ಚೆನ್ನಾಗಿ ಒಣಗಿದ್ದು ದನಕ್ಕೆ ಆದೀತು. ಬೂಷ್ಟು ಇದ್ದದ್ದು ಹಾಲು ಕೊಡುವ ಆಕಳಿಗೂ ಬೇಡ, ಬತ್ತಿದ ಎಮ್ಮೆಗೂ ಬೇಡ, ಕರುವಿಗಂತೂ ಬೇಡವೇ ಬೇಡ. ತಿಪ್ಪೆಗೂ ಎಸೆಯದೆ ಸುಟ್ಟುಬಿಡಿ. ಕಾಳನ್ನು ಹಲ್ಲಿನಿಂದ ಕಡಿದರೆ ಟಕ್ ಎನ್ನುವಷ್ಟು ಒಣಗಿಸಿದ ಮೇಲೆಯೇ ಚೀಲಕ್ಕೆ ತುಂಬಿ, ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಿ.

ಈ ವಾರ ಹೊಲಕ್ಕೆ ಹೋದಾಗ ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ನೋಡಿ ಎಣಿಸಿ. ನೂರರಲ್ಲಿ ಎಷ್ಟು ಗಿಡದ ಎಲೆಯಲ್ಲಿ ತೂತಿನ ಸಾಲು, ಎಷ್ಟರ ಸುಳಿ ಒಣಗಿದೆ ಎಂದು ಬರೆದುಕೊಳ್ಳಿ. ಲೆಕ್ಕ ಹತ್ತು ದಾಟಿದ್ದರೆ ಒಂದು ಸೀಳಿದ ಗಿಡ, ಅದರೊಳಗಿನ ಹುಳು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ, ಅದು ಮೇವಿನ ಮಡಿಯದೋ ಕಾಳಿನ ಹೊಲದ್ದೋ ಎಂಬುದನ್ನು ಮೊದಲು ಹೇಳಿ.